ಏನಿಲ್ಲ ಮೇಡಂ

೩ ಮಾರ್ಚ್ ೨೦೦೩, ಸೋಮವಾರ

ಗೋವಿಂದ ಡಾಕ್ಟರು ಇವತ್ತು ಕೇಂದ್ರ ಬಿಟ್ಟು ಹೋದರು. ಎದೆಯ ಆಪರೇಷನ್ ಆದ ಮೇಲೆ ಧಾರವಾಡದಲ್ಲಿ ಮಗಳ ಮನೆಯಲ್ಲೇ ಇರಬೇಕಂತೆ. ಹೋಗುವ ಮುಂಚೆ ಬೀಗದ ಕೈಗಳ ಗೊಂಚಲನ್ನು ನನ್ನ ಅಂಗೈಯಲ್ಲಿಟ್ಟು, "ಹೊಸ ಡಾಕ್ಟರು ಸಿಕ್ಕುವಲ್ಲಿವರೆಗೆ ನೀನೇ ನೋಡ್ಕ್ಯ ತಂಗಿ" ಅಂದರು.

"ಆನು ಡಾಕ್ಟರಲ್ಲ" ಅಂದೆ.

"ಗೊತ್ತಿದ್ದು ಮಾರಾಯ್ತಿ. ಹೆದರಡ."

ಹೆದರಬೇಡ ಎಂದು ಯಾರಾದರೂ ಹೇಳಿದ ಕೂಡಲೇ ಹೆದರಿಕೆ ಶುರುವಾಗುತ್ತದೆ ನನಗೆ. ಇಲ್ಲಿ ಮನಸ್ಸು ಕೆಟ್ಟವರ ಜೊತೆ ಕೂತು ಮಾತಾಡುವುದು ನನ್ನ ಕೆಲಸ. ಮನಃಶಾಸ್ತ್ರದ ಎಂ.ಎ. ಓದಿದ್ದಕ್ಕೆ ಅಷ್ಟು ಸಾಕಿತ್ತು. ಈಗ ಅವರ ಊಟ, ಮಾತ್ರೆ, ಬಾಗಿಲು, ಉಸಿರು ಎಲ್ಲಕ್ಕೂ ನಾನೇ ಹೊಣೆ. ಹುಬ್ಬಳ್ಳಿಯಿಂದ ಮನೋವೈದ್ಯರು ತಿಂಗಳಿಗೊಮ್ಮೆ ಬಂದು ಔಷಧ ಬರೆದುಕೊಟ್ಟು ಹೋಗುತ್ತಾರೆ, ಅಷ್ಟೆ.

ಕೇಂದ್ರವಿರುವ ಇಸಳೂರಿಂದ ಬಸ್ಸಿನಲ್ಲಿ ಯಲ್ಲಾಪುರ ನಾಕೆಯ ಮನೆಗೆ ಬರುವಾಗ ಗೊಂಚಲನ್ನು ಚೀಲದಲ್ಲಿ ಹಾಕದೆ ಮುಷ್ಟಿಯಲ್ಲೇ ಹಿಡಿದಿದ್ದೆ. ಮಲಗುವ ಮೊದಲು ಎಂದಿನಂತೆ ಒಂದು ಪದ್ಯ ಓದಿದೆ. ಓದಿದ್ದು ಏನೆಂದು ಕೇಳಿದರೆ ಹೇಳಲಾರೆ.

೮ ಮಾರ್ಚ್, ಶನಿವಾರ

ನಾಲ್ಕು ಗಂಟೆಯ ಚಹಾ ಆದ ಮೇಲೆ ಜಗಲಿಯ ಮೇಲೆ ಕವಳಕ್ಕೆ ಕೂರುವುದು ಡಾಕ್ಟರು ಹಾಕಿಕೊಟ್ಟ ಪದ್ಧತಿ. ಅದನ್ನು ನಡೆಸಿಕೊಂಡು ಹೋಗಬೇಕು ಅಂದುಕೊಂಡಿದ್ದೇನೆ. ತಟ್ಟೆಯಲ್ಲಿ ಎಲೆ, ಅಡಿಕೆ, ಸುಣ್ಣ. ಸುತ್ತ ನರ್ಸ್ ನಜೀಮಾ, ಅಡುಗೆಯ ಸೀತಮ್ಮ, ವಾರ್ಡಿನ ಕೆಲಸದ ಹುಚ್ಚ, ಜೊತೆಗೆ ಕೂರುವ ಮನಸ್ಸಿದ್ದ ನಿವಾಸಿಗಳು. ಬಾಯಿ ಕೆಂಪಾಗುತ್ತಿದ್ದಂತೆ ಒಬ್ಬೊಬ್ಬರೂ ಅವತ್ತು ತಾವು ಮಾಡಿದ ತಪ್ಪು ಹೇಳಬೇಕು. ಮೊದಲು ಡಾಕ್ಟರೇ ತಮ್ಮದನ್ನು ಹೇಳುತ್ತಿದ್ದರು. ಕವಳ ಉಗಿದ ಮೇಲೆ ಆ ಮಾತು ಅಲ್ಲಿಗೆ ಮುಗಿಯಿತು, ಅದಕ್ಕೆ ಶಿಕ್ಷೆ ಇಲ್ಲ.

ಇವತ್ತು ಸೀತಮ್ಮ ಸಾರಿಗೆ ಎರಡು ಸಲ ಉಪ್ಪು ಹಾಕಿದ್ದನ್ನು ಹೇಳಿದಳು. "ಅದು ನಾಲಿಗೆಗೇ ಗೊತ್ತಾಯ್ತಲ್ಲ, ಹೇಳೂದೆಂತಕ್ಕೆ?" ಎಂದ ಹುಚ್ಚ. ನಾಲ್ಕು ಮಕ್ಕಳು ಸತ್ತ ಮೇಲೆ ಹುಟ್ಟಿದ್ದರಿಂದ ದೃಷ್ಟಿಯಾಗದಿರಲೆಂದು ಅವನಿಗೆ ಈ ಹೆಸರು. ಹೊಸಬರು ಯಾರು ಬಂದರೂ ಅವನದೊಂದು ಮಾತಿದೆ: "ಇಡೀ ಮನೇಲಿ ಹುಚ್ಚ ಅಂದ್ರೆ ನಾನೊಬ್ನೆಯ. ಉಳ್ದವ್ರೆಲ್ಲ ಪೇಷಂಟು." ನಿಲ್ಕುಂದದ ದೇವಕಿ ಈ ಮಾತಿಗೆ ಪ್ರತಿ ಸಲವೂ ಹೊಸದಾಗಿ ನಗುತ್ತಾಳೆ. ಅವಳು ನನ್ನನ್ನು ಅಕ್ಕಯ್ಯ ಎನ್ನುವುದು. ಮದುವೆಯಾದ ಮೂರನೇ ವರ್ಷ ಮನಸ್ಸು ಒಮ್ಮೆ ಮುಗಿಲಿಗೂ ಒಮ್ಮೆ ಪಾತಾಳಕ್ಕೂ ಹೋಗತೊಡಗಿದವಳು. ಲಿಥಿಯಂ ಮಾತ್ರೆ ಅವಳನ್ನು ನೆಲದ ಮೇಲೆ ನಿಲ್ಲಿಸಿದೆ.

ನನ್ನ ತಪ್ಪು ಯಾವುದೆಂದು ಕೇಳಿದರು. ಒಂದೂ ನೆನಪಿಗೆ ಬರಲಿಲ್ಲ.

೧೪ ಮಾರ್ಚ್, ಶುಕ್ರವಾರ

ಕಿಶೋರ ಇಲ್ಲ! ಮುಸ್ಸಂಜೆಗೆ ತಲೆ ಎಣಿಸುವಾಗ ಗೊತ್ತಾಯಿತು. ಯಲ್ಲಾಪುರದ ಹುಡುಗ, ಇಪ್ಪತ್ತೆರಡು ವರ್ಷ, ಕಿವಿಯಲ್ಲಿ ಯಾರೋ ಮಾತಾಡುತ್ತಾರೆ ಅವನಿಗೆ. ಎಲ್ಲರೂ ದಿಕ್ಕಿಗೊಬ್ಬರಂತೆ ಓಡಿದರು. ನಾನು ಫೋನಿನ ಹತ್ತಿರ ನಿಂತೆ. ಅವನ ತಾಯಿಗೆ ಏನು ಹೇಳಬೇಕೆಂದು ಮನಸ್ಸಿನಲ್ಲೇ ವಾಕ್ಯ ಜೋಡಿಸುತ್ತಿದ್ದೆ. ಕೆರೆ ಎಂಬ ಶಬ್ದ ತಲೆಯೊಳಗೆ ಬಂದದ್ದು ಹೋಗಲಿಲ್ಲ.

ನಜೀಮಾಳ ಗಂಡ ನೂರ್ ಅಹ್ಮದ್ ತನ್ನ ಟೆಂಪೋದಲ್ಲಿ ಹುಡುಕಿಕೊಂಡು ಹೋಗಿ ಕರೆತಂದ. ಹುಲೇಕಲ್ ಬಸ್ಸು ಹತ್ತಿ, ಇಳಿದು, ಅಲ್ಲಿ ಸೊಸೈಟಿಯ ಮೆಟ್ಟಿಲ ಮೇಲೆ ಕೂತಿದ್ದನಂತೆ. ಬಂದವನೇ "ಊಟ ಆಯ್ತಾ?" ಎಂದು ನನ್ನನ್ನೇ ಕೇಳಿದ.

ಏನೂ ಆಗಲಿಲ್ಲ ಎಂದು ಎಷ್ಟು ಸಲ ಹೇಳಿಕೊಂಡರೂ, ಆಗಬಹುದಾಗಿದ್ದದ್ದು ಹೋಗುವುದಿಲ್ಲ.

೧೫ ಮಾರ್ಚ್

ಕವಳದ ಹೊತ್ತಿಗೆ ಹುಚ್ಚ ತಾನಾಗಿಯೇ ಹೇಳಿದ. "ನಂದೇ ತಪ್ಪು ಅಕ್ಕಾ. ಹಿತ್ತಲ ಬಚ್ಚಲಿಗೆ ಕರ್ಕಂಡು ಹೋಗಿದ್ದೆ. ಅವ್ನು ಒಳಗಿರುವಾಗ ಒಂದು ಬೀಡಿ ಸೇದಿ ಬರುವ ಅಂತ ಆಚೆ ಹೋದೆ."

ಬೀಡಿ ಸೇದಲು ಹೋಗಿದ್ದ. ಒಂದು ಜೀವ, ಒಂದು ಬೀಡಿ.

ರೂಮಿಗೆ ಬಂದು ಅವನ ಹೆಸರಿಗೆ ಮೆಮೊ ಬರೆದು, ಬೋರ್ಡಿಗೆ ಅಂಟಿಸಿದೆ. ಎಲ್ಲರೂ ನೋಡಲಿ ಎಂದೇ. ನಜೀಮಾ ಓದಿ, "ಅಕ್ಕಾ, ಕವಳಕ್ಕೆ ಕೂತಾಗ ಹೇಳಿದ್ದಲ್ವಾ ಅದು?" ಅಂದಳು. ಎಲ್ಲಿ ಹೇಳಿದರೆ ಏನು, ತಪ್ಪು ತಪ್ಪೇ ಅಂದೆ. ಗಟ್ಟಿಯಾಗಿ ಮಾತಾಡಿದ್ದಕ್ಕೆ ನನಗೇ ಸ್ವಲ್ಪ ಧೈರ್ಯ ಬಂತು.

೨೦ ಮಾರ್ಚ್

ಇವತ್ತು ಯಾರೂ ಯಾವ ತಪ್ಪೂ ಹೇಳಲಿಲ್ಲ. ಸುತ್ತ ಕೂತವರೆಲ್ಲ "ಏನಿಲ್ಲ ಮೇಡಂ" ಅಂದರು. ನಿನ್ನೆಯೂ ಹಾಗೇ. ಎಚ್ಚರಿಕೆಯಿಂದ ಕೆಲಸ ಮಾಡುತ್ತಿದ್ದಾರೆ ಎಂದಾಯಿತು. ಈ ತಿಂಗಳಲ್ಲಿ ಮೊದಲ ಸಲ ಒಂದು ತುತ್ತು ರುಚಿಯಿಂದ ಉಂಡೆ.

೨೭ ಮಾರ್ಚ್

ಮೂರು ಬದಲಾವಣೆ ಮಾಡಿದ್ದೇನೆ. ಕವಳದ ಬೈಠಕ್ಕು ನಿಲ್ಲಿಸಿದೆ. ಯಾರಿಗೂ ಹೇಳುವುದು ಇಲ್ಲದ ಮೇಲೆ ಅದು ಬರೀ ಹೊತ್ತು ಕಳೆಯುವುದಾಯಿತು. ಹೇಳುವುದಿದ್ದರೆ ಬರೆದು ಕೊಡಲಿ, ಆಗ ನಾಳೆ ಯಾರೂ ಅಲ್ಲಗಳೆಯುವಂತಿಲ್ಲ.

ಎರಡನೆಯದು ಹಿತ್ತಲ ಬಚ್ಚಲು. ಮನೆಯಿಂದ ಬೇರೆಯಾಗಿರುವ ಆ ಬಚ್ಚಲೇ ನನ್ನ ನಿದ್ದೆ ಕೆಡಿಸಿದ್ದು. ಕಿಶೋರ ಹೋದದ್ದು ಅಲ್ಲಿಂದ. ಕತ್ತಲಾದ ಮೇಲೆ ಒಬ್ಬೊಬ್ಬರನ್ನೇ ಕರೆದುಕೊಂಡು ಹೋಗುವಷ್ಟು ಜನ ನಮ್ಮಲ್ಲಿಲ್ಲ. ಆದ್ದರಿಂದ ಸಂಜೆ ಐದರ ನಂತರ ವಾರ್ಡಿನಿಂದ ನೀರಿನ ಕೊಡ ತೆಗೆಯಲು ಹೇಳಿದೆ. ಊಟದ ಜೊತೆ ಒಂದು ಲೋಟ ಸಾಕು. ಕುಡಿಯುವುದು ಕಡಿಮೆಯಾದರೆ ಹೊರಗೆ ಹೋಗುವುದೂ ಕಡಿಮೆ. ಇಷ್ಟು ಸರಳವಾದದ್ದು ಡಾಕ್ಟರಿಗೆ ಯಾಕೆ ಹೊಳೆಯಲಿಲ್ಲವೋ.

ಮೂರನೆಯದು ಸಣ್ಣದು. ಹುಚ್ಚನನ್ನು ಡ್ಯೂಟಿಯಲ್ಲಿ ನಾಯ್ಕ ಎಂದು ಕರೆಯಬೇಕು. ಮನೋರೋಗಿಗಳ ಮನೆಯಲ್ಲಿ ಆ ಹೆಸರು ಕೂಗುವುದನ್ನು ಹೊರಗಿನವರು ಕೇಳಿದರೆ ಚೆನ್ನಾಗಿರುವುದಿಲ್ಲ. "ನಾಯ್ಕ ಅಂದ್ರೆ ನಮ್ಮಪ್ಪನ್ನ ಕರ್ದಂಗೆ ಆಗ್ತದೆ ಮೇಡಂ" ಎಂದ. ನಗಿಸಲು ಹೇಳಿದನೋ ಏನೋ. ನಾನು ನಗಲಿಲ್ಲ.

೩ ಏಪ್ರಿಲ್

ಯುಗಾದಿ ನಿನ್ನೆ. ಬೇವು ಬೆಲ್ಲ ಹಂಚಿದೆವು. ಕೇಂದ್ರ ನಡೆಸುವ ಟ್ರಸ್ಟಿನ ಅಧ್ಯಕ್ಷರು ಮಧುಕೇಶ್ವರ ಅವರು ಬನವಾಸಿಯಿಂದ ಕಾರು ಮಾಡಿಕೊಂಡು ಬಂದಿದ್ದರು. ವಾರ್ಡೆಲ್ಲ ಒಂದು ಸುತ್ತು ಹಾಕಿ, "ಏನ್ರೀ ಮೇಡಂ, ಸಾಲಿ ಇದ್ದಂಗ ಐತಲ್ರೀ! ಮೊದಲ ಸಂತಿ ಇತ್ತು ಇದು. ಗೋವಿಂದ ಡಾಕ್ಟರು ಭಾಳ ಒಳ್ಳೇವ್ರು ಬಿಡ್ರಿ, ಆದ್ರ ಒಳ್ಳೇತನದಿಂದ ಆಡಳಿತ ಆಗಂಗಿಲ್ಲ" ಅಂದರು. ಹೊಸ ಡಾಕ್ಟರು ಸಿಗುವುದು ಕಷ್ಟವಂತೆ. ನನ್ನನ್ನೇ ಖಾಯಂ ಮಾಡುವ ಮಾತು ತೆಗೆದರು.

ಸಂಜೆ ಧಾರವಾಡದಿಂದ ಗೋವಿಂದ ಡಾಕ್ಟರ ಫೋನು ಬಂತು. ಹಬ್ಬದ ಮಾತು ಮುಗಿಸಿ, "ಇವತ್ತು ಎಂತ ತಪ್ಪಾತು ತಂಗಿ?" ಎಂದು ಕೇಳಿದರು. ಮೊದಲಿನ ರೂಢಿ.

"ಎಂತದೂ ಇಲ್ಲೆ. ಎರಡು ವಾರ ಆತು, ಒಂದೂ ಇಲ್ಲೆ" ಅಂದೆ. ಧ್ವನಿಯಲ್ಲಿ ಹೆಮ್ಮೆ ಇತ್ತೇನೋ.

"ಹಂಗಾದ್ರೆ ಜಾಗ್ರತೆ" ಅಂದರು.

ಒಂದು ಒಳ್ಳೆಯ ಮಾತು ಆಡಿದ್ದರೆ ಏನು ಕಳೆದುಹೋಗುತ್ತಿತ್ತು?

೧೧ ಏಪ್ರಿಲ್, ಶುಕ್ರವಾರ

ಬಿಸಿಲು ಈ ವರ್ಷ ಬೇಗ ಏರಿದೆ. ಬಾವಿ ತಳ ಕಾಣುತ್ತಿದೆ. ಮಧ್ಯಾಹ್ನ ಕರೆಂಟಿಲ್ಲ, ಫ್ಯಾನಿಲ್ಲ. ಆದರೂ ವಾರ್ಡು ಶಾಂತವಾಗಿದೆ. ನಾನು ಬರುವುದು ಕೇಳಿದರೆ ಎಲ್ಲರೂ ಎದ್ದು ಮಂಚದ ಪಕ್ಕ ನಿಲ್ಲುತ್ತಾರೆ. ನಿಲ್ಲಿ ಎಂದು ನಾನು ಹೇಳಿದ್ದಲ್ಲ.

ಈಚೆಗೆ ನನಗೆ ಚಹಾ ತಂದುಕೊಡುವುದು ದೇವಕಿ. ಅವಳಿಗೊಂದು ಕೆಲಸವಿರಲಿ ಎಂದು ನಾನೇ ಗೊತ್ತು ಮಾಡಿದೆ. ಇವತ್ತು ಸಾಸರಿನ ಮೇಲೆ ಕಪ್ಪು ಕಟಕಟ ಸದ್ದು ಮಾಡುತ್ತಿತ್ತು. ಅರ್ಧ ಚಹಾ ಸಾಸರಿನಲ್ಲೇ. ಪಾಪ, ನನ್ನೆದುರು ಬಂದರೆ ಅವಳ ಕೈ ನಡುಗುತ್ತದೆ. ಮೊದಲು ಸಲಿಗೆ ಹೆಚ್ಚೇ ಇತ್ತು. ಅಕ್ಕಯ್ಯ ಎನ್ನುವುದನ್ನೂ ಬಿಟ್ಟಿದ್ದಾಳೆ.

"ಹೆದರಬೇಡ" ಅಂದೆ.

"ಯನ್ನ ಕೈ ಯನ್ನ ಮಾತು ಕೇಳ್ತಿಲ್ಲೆ ಮೇಡಂ" ಅಂದಳು. ಎಷ್ಟು ಚಂದದ ಸಾಲು ಅನ್ನಿಸಿತು. ಬರೆದಿಟ್ಟುಕೊಂಡಿದ್ದೇನೆ.

೧೫ ಏಪ್ರಿಲ್

ನಜೀಮಾ ಬೆಳಿಗ್ಗೆ ಬಾಗಿಲಲ್ಲಿ ನಿಂತು, "ಮೇಡಂ, ದೇವಕಿಯದೊಂದು..." ಎಂದು ಶುರು ಮಾಡಿದಳು. ಆಗ ನಾನು ಟ್ರಸ್ಟಿಗೆ ಕಳಿಸುವ ವರದಿ ಬರೆಯುತ್ತಿದ್ದೆ. "ಬರೆದು ತನ್ನಿ" ಅಂದೆ. ಸರಿ ಎಂದು ಹೋದಳು. ಸಂಜೆಯವರೆಗೂ ಬರೆದು ತರಲಿಲ್ಲ. ಅಷ್ಟು ಮುಖ್ಯವಾಗಿರಲಿಕ್ಕಿಲ್ಲ.

ಕವಿತೆಯ ಪುಸ್ತಕದ ಮೇಲೆ ಧೂಳು ಕೂತಿತ್ತು, ಒರೆಸಿಟ್ಟೆ.

೧೭ ಏಪ್ರಿಲ್

ಎಲ್ಲ ಸರಿ ಇದೆ.

೧೯ ಏಪ್ರಿಲ್, ಶನಿವಾರ

ದೇವಕಿ ಬಿದ್ದಳು. ಚಹಾ ತರುತ್ತಿದ್ದವಳು ನನ್ನ ಬಾಗಿಲಲ್ಲೇ ಕುಸಿದಳು. ಎಬ್ಬಿಸಿದರೆ ನಿಲ್ಲಲಾರಳು, ನಾಲಿಗೆ ಹೊರಳುತ್ತಿಲ್ಲ, ಕಣ್ಣು ಎಲ್ಲೋ. ಮೈಯೆಲ್ಲ ಜುಮುಜುಮು ಅದುರುತ್ತಿತ್ತು. ಹುಬ್ಬಳ್ಳಿ ಡಾಕ್ಟರಿಗೆ ಫೋನು ಮಾಡಿದೆ. ಅವರು ಕೇಳುತ್ತಾ ಹೋದರು, ನಾನು ನಜೀಮಾಳ ಮುಖ ನೋಡುತ್ತಾ ಉತ್ತರಿಸುತ್ತಾ ಹೋದೆ. ಕೈ ನಡುಕ ಯಾವಾಗಿನಿಂದ? ವಾಂತಿ? ಭೇದಿ? ನಜೀಮಾ ಮೆಲ್ಲಗೆ ಹೇಳಿದಳು, ವಾರದ ಮೇಲಾಯ್ತು, ಎರಡೂ.

"ನೀರು ಚೆನ್ನಾಗಿ ಕುಡೀತಾ ಇದ್ರಾ?"

ಡಾಕ್ಟರ ಈ ಪ್ರಶ್ನೆಯನ್ನೂ ಗಟ್ಟಿಯಾಗಿ ಕೇಳಿದೆ. ಹುಚ್ಚ ನೆಲ ನೋಡುತ್ತಿದ್ದ.

ಡಾಕ್ಟರು ಹೇಳಿದ್ದು ಇಷ್ಟು: ಬೇಸಿಗೆ, ಭೇದಿ, ನೀರು ಸಾಲದು. ಹೀಗಾದರೆ ಲಿಥಿಯಂ ಹೊರಗೆ ಹೋಗದೆ ಒಳಗೇ ನಿಂತು ವಿಷವಾಗುತ್ತದೆ. ಮಾತ್ರೆ ನಿಲ್ಲಿಸಿ. ಕೂಡಲೇ ಕರೆತನ್ನಿ. ಮೂತ್ರಪಿಂಡ ಹೇಗಿದೆಯೋ ನೋಡಬೇಕು.

ನೂರ್ ಅಹ್ಮದ್ ಟೆಂಪೋದ ಹಿಂದೆ ಹಾಸಿಗೆ ಹಾಸಿದ. ನಜೀಮಾ ಅವಳ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತಳು. ನಾನೂ ಹೊರಟೆ. "ನೀವಿಲ್ಲೇ ಇರಿ ಮೇಡಂ, ಇಲ್ಲಿ ಯಾರೂ ಇಲ್ಲ" ಎಂದಳು ನಜೀಮಾ. ಸಿಟ್ಟಿರಲಿಲ್ಲ ಧ್ವನಿಯಲ್ಲಿ. ಏನೂ ಇರಲಿಲ್ಲ.

೨೦ ಏಪ್ರಿಲ್

ಪ್ರಜ್ಞೆ ಬಂದಿಲ್ಲ.

೨೨ ಏಪ್ರಿಲ್

ರಕ್ತ ಶುದ್ಧಿ ಮಾಡುವ ಯಂತ್ರಕ್ಕೆ ಹಾಕಿದ್ದಾರಂತೆ. ನಿಲ್ಕುಂದದಿಂದ ಅವಳ ಅಪ್ಪ ಹುಬ್ಬಳ್ಳಿಗೆ ಹೋಗಿದ್ದಾರೆ. ಫೋನಿನಲ್ಲಿ ನನಗೆ "ನಿಂಗ ಎಲ್ಲ ಇದ್ದಿ ಹೇಳಿ ಧೈರ್ಯದಲ್ಲಿ ಬಿಟ್ಟಿದ್ದು" ಅಂದರು. ಬೈಯಲಿಲ್ಲ. ಬೈದಿದ್ದರೆ ರಿಸೀವರು ಇಡಬಹುದಿತ್ತು.

ಕೊಡವನ್ನು ಮತ್ತೆ ವಾರ್ಡಿನಲ್ಲಿ ಇಡಲು ಹೇಳಲು ಹೋದೆ. ಆಗಲೇ ಅಲ್ಲಿತ್ತು. ಯಾರೋ ಇಟ್ಟಿದ್ದರು, ನನ್ನನ್ನು ಕೇಳದೆ. ಯಾರೆಂದು ನಾನೂ ಕೇಳಲಿಲ್ಲ.

೨೪ ಏಪ್ರಿಲ್, ಗುರುವಾರ

ದೇವಕಿ ಕಣ್ಣು ಬಿಟ್ಟಿದ್ದಾಳೆ. ಅಪ್ಪನ ಗುರುತು ಸಿಕ್ಕಿತಂತೆ.

ನಾನು ಅಳುತ್ತಿರುವಾಗಲೇ ಅಧ್ಯಕ್ಷರ ಫೋನು. "ನೋಡ್ರಿ ಮೇಡಂ, ಹುಡುಗಿ ಉಳದಳು, ದೇವರು ದೊಡ್ಡಾವ. ಆದ್ರ ನಾಳೆ ಯಾರರ ಕೇಳಿದ್ರ ನಮ್ಮ ಕಡೆ ಒಂದು ಉತ್ತರ ಇರಬೇಕು. ವಾರಗಟ್ಟಲೆ ವಾಂತಿ ಭೇದಿ ನೋಡಿ ಸುಮ್ಮನಿದ್ದಾಕಿ ಆ ನರ್ಸು. ಆಕೀನ ತಗದು ಬಿಡ್ರಿ. ಬುಧವಾರ ಸಭಾದಾಗ ಮಂಜೂರಿ ಮಾಡೋಣು. ನೀವು ಹೆದರಬ್ಯಾಡ್ರಿ, ನಿಮ್ಮ ಹೆಸರು ಎಲ್ಲೂ ಬರಂಗಿಲ್ಲ."

ಆಯಿತು ಅಂದೆ.

ಅವರು ಹೇಳಿದ್ದರಲ್ಲಿ ಸುಳ್ಳೇನಿದೆ? ನೋಡಿ ಸುಮ್ಮನಿದ್ದಳು. ನೀರಿನ ವಿಷಯ ಅವರಿಗೆ ಗೊತ್ತಿಲ್ಲ. ಯಾರೂ ಹೇಳುವುದಿಲ್ಲ, ನನಗೆ ಗೊತ್ತು. ಈಗ ಯಾರೂ ಏನನ್ನೂ ಹೇಳುವುದಿಲ್ಲವಲ್ಲ ಇಲ್ಲಿ.

೨೭ ಏಪ್ರಿಲ್, ಭಾನುವಾರ

ನಜೀಮಾಳ ಮನೆಗೆ ಹೋಗಿದ್ದೆ. ಸಭೆಗೆ ಮೊದಲು ನಾನೇ ಹೇಳುವುದು ಧರ್ಮ ಅನ್ನಿಸಿತು. ಕುರ್ಚಿ ಕೊಟ್ಟಳು, ಶರಬತ್ತು ಕೊಟ್ಟಳು. ಮಗಳು ಅಸ್ಫಿಯಾ ಒಳಗಿನಿಂದ ಇಣುಕಿ ನೋಡಿ ಬಾಗಿಲು ಮುಂದೆ ಮಾಡಿಕೊಂಡಿತು. ನೂರ್ ಅಹ್ಮದ್ "ಬನ್ನಿ" ಎಂದವನು ಟೆಂಪೋ ಒರೆಸುವ ನೆವದಲ್ಲಿ ಹೊರಗೇ ಉಳಿದ.

ಹೇಳಬೇಕಾದ್ದು ಬಾಯಿಗೆ ಬರಲಿಲ್ಲ. ಅದರ ಬದಲು, "ಗೊತ್ತಿದ್ದೂ ಯಾಕೆ ಹೇಳಲಿಲ್ಲ ನೀನು?" ಎಂದು ಕೇಳಿದೆ.

"ಹೇಳೂಕೆ ಬಂದಿದ್ದೆ."

"ಬರೆದು ಕೊಡಬಹುದಿತ್ತಲ್ಲ."

"ಬರ್ದು ಎಂತ ಅಂತ ಕೊಡ್ಲಿ? ನೀರು ಕೊಡದೆ ಹಿಂಗಾಗ್ತಿದೆ ಅಂತಲಾ? ಅದಕ್ಕೆ ನೀವು ಮೆಮೊ ಕೊಡೂದಿಲ್ವಾ?" ಲೋಟ ಎತ್ತಿಕೊಂಡಳು, ನಾನಿನ್ನೂ ಕುಡಿದಿರಲಿಲ್ಲ, ಮತ್ತೆ ಇಟ್ಟಳು. "ಹುಚ್ಚ ಎರಡು ದಿನ ಕದ್ದು ಕದ್ದು ನೀರು ಕೊಟ್ಟ ಅವಳಿಗೆ. ನಿಮ್ಮ ಚಪ್ಲಿ ಸದ್ದು ಕೇಳಿದ್ರೆ ಚೊಂಬು ಮಂಚದಡಿಗೆ ದೂಡೂದು. ಆಮೇಲೆ ಅವಂಗೂ ಹೆದ್ರಿಕೆ ಬಂತು. ನಂಗೂ ಬಂತು. ನಾನು ಮಾಡಿದ್ದು ಸರಿ ಅಂತ ಹೇಳೂದಿಲ್ಲ ನಾನು. ಅಲ್ಲಾನ ಮುಂದೆ ನಾನು ಉತ್ರ ಕೊಡ್ಬೇಕು."

ಶರಬತ್ತಿನ ಲೋಟ ಎತ್ತಿ ಒಂದು ಗುಟುಕು ಕುಡಿದೆ.

"ಆದ್ರೆ ಅಕ್ಕಾ," ಅಂದಳು. ಎಷ್ಟು ದಿನವಾಗಿತ್ತು ಆ ಶಬ್ದ ಕೇಳಿ. "ನಿಮ್ಗೂ ಕಾಣ್ತಿತ್ತಲ್ಲ? ದಿನಾ ನಿಮ್ಮ ಕೈಗೇ ಚಹಾ ತಂದು ಕೊಡ್ತಿದ್ಲು ಅವಳು."

ಕಾಣುತ್ತಿತ್ತು. ಹೆದರಿಕೆ ಅಂದುಕೊಂಡಿದ್ದೆ. ಇದನ್ನು ಅವಳಿಗೆ ಹೇಳಲಾಗಲಿಲ್ಲ, ಯಾಕೆಂದರೆ ಆಮೇಲೆ ಇನ್ನೊಂದನ್ನೂ ಹೇಳಬೇಕಾಗುತ್ತಿತ್ತು. ಕಪ್ಪು ಕಟಕಟ ಎನ್ನುವುದು ನನಗೆ ಹಿತವಾಗಿ ಕೇಳುತ್ತಿತ್ತು. ಕೈ ನಡುಗುವವರು ನಮ್ಮ ಮಾತು ಮೀರಿ ಎಲ್ಲಿಗೂ ಹೋಗುವುದಿಲ್ಲ.

ಕೆಲಸದಿಂದ ತೆಗೆಯುವ ವಿಷಯ ಹೇಳದೆಯೇ ಎದ್ದು ಬಂದೆ.

೨೯ ಏಪ್ರಿಲ್

ನಾಳೆ ಸಭೆ. ಹೇಳಿದರೆ ನನ್ನನ್ನು ತೆಗೆಯುತ್ತಾರೆ. ಕೆಲಸ ಹೋಗುವುದು ದೊಡ್ಡದಲ್ಲ. ನಿಲ್ಕುಂದದಿಂದ ದೇವಕಿಯ ಅಪ್ಪ ಬರುತ್ತಾರೆ, ಅವರೆದುರು ಹೇಳಬೇಕು. ಪೊಲೀಸು ಕೇಸು ಆಗಬಹುದೇ? ಪೇಪರಿನಲ್ಲಿ ಬರಬಹುದೇ? ಈ ನಾಲ್ವತ್ತೆಂಟು ವರ್ಷದಲ್ಲಿ ಒಬ್ಬರಿಗೂ ಕೇಡು ಬಯಸಿದವಳಲ್ಲ ಎಂದು ಬರೆಯಲು ಹೊರಟೆ. ಬಯಸದೆಯೂ ಆಗಿದೆ.

ಹೇಳದಿದ್ದರೆ ಏನೂ ಆಗುವುದಿಲ್ಲ. ಯಾರೂ ಬಾಯಿ ಬಿಡುವುದಿಲ್ಲ. ಅಷ್ಟು ಚೆನ್ನಾಗಿ ಹೆದರಿಸಿಟ್ಟಿದ್ದೇನೆ.

೩೦ ಏಪ್ರಿಲ್, ಬುಧವಾರ

ಹೇಳಿದೆ.

ಅಧ್ಯಕ್ಷರು ನಜೀಮಾಳ ವಿಷಯ ಓದಿ ಮುಗಿಸಿ "ಎಲ್ಲಾರಿಗೂ ಒಪ್ಪಿಗಿ ಐತಲ್ರೀ?" ಅಂದಾಗ ಎದ್ದು ನಿಂತೆ. ಏಳುವವರೆಗೂ ಹೇಳುತ್ತೇನೋ ಇಲ್ಲವೋ ಗೊತ್ತಿರಲಿಲ್ಲ. ನೀರಿನ ಕೊಡ ತೆಗೆಸಿದ್ದು ನಾನು, ಕೈ ನಡುಗುವುದನ್ನು ದಿನಾ ನೋಡಿದ್ದು ನಾನು, ನರ್ಸು ಹೇಳಲು ಬಂದಾಗ ವಾಪಸು ಕಳಿಸಿದ್ದು ನಾನು. ಮೂರು ವಾಕ್ಯ. ಮೂರನೆಯದು ಅರ್ಧವೇ ಹೊರಗೆ ಬಂತು.

ಅಧ್ಯಕ್ಷರು ಕನ್ನಡಕ ತೆಗೆದು, "ಇದನ್ನ ಫೋನಿನ್ಯಾಗ ಹೇಳಬಾರದಾಗಿತ್ತೇನ್ರೀ?" ಅಂದರು. ದೇವಕಿಯ ಅಪ್ಪ ನನ್ನನ್ನೇ ನೋಡುತ್ತಿದ್ದರು. ಅವರ ಮುಖ ಬರೆಯಲಾರೆ.

ನಜೀಮಾ ಉಳಿದಳು. ಬೇರೆಯವರು ಸಿಗುವವರೆಗೆ ನಾನೇ ಮುಂದುವರಿಯಬೇಕಂತೆ. ಖಾಯಂ ಮಾತು ಮುಗಿಯಿತು. ಬೇರೆಯವರು ಸಿಕ್ಕುವುದಿಲ್ಲ ಎಂದು ಅವರಿಗೂ ಗೊತ್ತು, ನನಗೂ. ಇದು ಶಿಕ್ಷೆಯೋ ಏನೋ ತಿಳಿಯುತ್ತಿಲ್ಲ.

೯ ಮೇ, ಶುಕ್ರವಾರ

ದೇವಕಿಯನ್ನು ಮನೆಗೇ ಕರೆದುಕೊಂಡು ಹೋದರು. ಇಲ್ಲಿಗೆ ಮತ್ತೆ ಕಳಿಸುವುದಿಲ್ಲ. ನಡೆಯುವಾಗ ಒಂದು ಕಾಲು ಸ್ವಲ್ಪ ಎಳೆಯುತ್ತದಂತೆ, ಅದು ವಾಸಿಯಾಗಬಹುದು, ಆಗದೆಯೂ ಇರಬಹುದು.

ಇವತ್ತು ಬೆಳಿಗ್ಗೆ ಬಾಗಿಲಲ್ಲಿ ಹುಚ್ಚ ನಿಂತಿದ್ದ. ಎಷ್ಟು ಹೊತ್ತಿನಿಂದ ನಿಂತಿದ್ದನೋ.

"ಏನು?" ಅಂದೆ.

"ಕಿಶೋರಂಗೆ ನಿನ್ನೆ ಸಂಜಿ ಮಾತ್ರೆ ಕೊಡೂಕೆ ಮರ್ತೆ."

ಮೊದಲು ಬಂದದ್ದು ಸಿಟ್ಟೇ. ನಾಲಿಗೆಯ ತುದಿಯಲ್ಲಿತ್ತು. ಮತ್ತೆ ಕೆರೆ, ಮತ್ತೆ ಫೋನು, ಮತ್ತೆ ಯಾರದೋ ತಾಯಿ. ಅವನಿಗೆ ಅದು ನನ್ನ ಮುಖದಲ್ಲಿ ಕಂಡಿರಬೇಕು. ಒಂದು ಹೆಜ್ಜೆ ಹಿಂದೆ ಸರಿದ.

"ಕೂತ್ಕೋ" ಅಂದೆ.

ಅವನು ಕುರ್ಚಿ ನೋಡಿದ, ನನ್ನನ್ನು ನೋಡಿದ. ಕೂರಲಿಲ್ಲ. ಬಾಗಿಲ ಚೌಕಟ್ಟನ್ನು ಒಂದು ಕೈಯಲ್ಲಿ ಹಿಡಿದುಕೊಂಡೇ, ಬೇಕಾದರೆ ಓಡುವುದಕ್ಕೆ ತಯಾರಾದವನ ಹಾಗೆ, ಉಳಿದದ್ದನ್ನು ಹೇಳಿದ.